ಚೆಕ್‌ಮೇಟ್‌ನಿಂದ ಹಿಂದಕ್ಕೆ ನಡೆಯಿರಿ: ಹಳೆಯ ಆಟವೊಂದರಲ್ಲಿ ತಪ್ಪು ಹುಡುಕುವುದು ಹೇಗೆ?

1858ರಲ್ಲಿ ಪ್ಯಾರಿಸ್‌ನ ಒಪೆರಾ ಮಂದಿರದ ಬಾಕ್ಸ್ ಒಂದರಲ್ಲಿ ಕುಳಿತು, ಅಮೆರಿಕದ 21 ವರ್ಷದ ಹುಡುಗ ಪಾಲ್ ಮಾರ್ಫಿ ಒಂದು ಚದುರಂಗದಾಟ ಆಡಿದ. ಎದುರಿಗೆ ಇಬ್ಬರು: ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್. ಅವರು ಕಪ್ಪು ಕಾಯಿಗಳನ್ನು ಹಿಡಿದು ಪರಸ್ಪರ ಸಮಾಲೋಚಿಸಿ ಆಡಿದರು. ಹದಿನೇಳೇ ನಡೆಗೆ ಆಟ ಮುಗಿಯಿತು. ಆಟದ ವಿಶ್ಲೇಷಣೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ಸಿಕ್ಕಿಲ್ಲ.

ಮೊದಲು ನಿಜವಾದ ಬೋರ್ಡ್ ಜೋಡಿಸಿಕೊಳ್ಳಿ. ಮೊಬೈಲ್‌ನಲ್ಲಿ ಬಾಣದ ಗುರುತು ಒತ್ತುತ್ತಾ ಹೋದರೆ ಇಡೀ ಆಟ ಅರ್ಧ ನಿಮಿಷದಲ್ಲಿ ಕಣ್ಣಮುಂದೆ ಹಾದುಹೋಗುತ್ತದೆ, ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಒಳ್ಳೆಯ ನಡೆಗಳನ್ನು ಲೆಕ್ಕ ಹಾಕಿ ತೋರಿಸುವ ಕಂಪ್ಯೂಟರ್ ಎಂಜಿನ್ ಸದ್ಯಕ್ಕೆ ಬೇಡ.

ಈಗ ಕೈಯಾರೆ ಆಡಿ. ಮನೆಯ ಹೆಸರಿನಲ್ಲಿ ಅಕ್ಷರ ಕಂಬಸಾಲಿನದು (ಬಿಳಿಯ ಎಡದಿಂದ ಎಯಿಂದ ಎಚ್), ಅಂಕಿ ಅಡ್ಡಸಾಲಿನದು (ಬಿಳಿಯ ಕಡೆಯಿಂದ 1ರಿಂದ 8); ಬಿಳಿ, ಕಪ್ಪು ಒಂದೊಂದು ಸಲ ಆಡಿದರೆ ಒಂದು ನಡೆ. ಬಿಳಿಯ ಕಾಲಾಳು ಇ4, ಕಪ್ಪಿನದು ಇ5. ಬಿಳಿ ಕುದುರೆ ಎಫ್3, ಕಪ್ಪು ಕಾಲಾಳು ಡಿ6. ಬಿಳಿ ಕಾಲಾಳು ಡಿ4, ಕಪ್ಪು ಒಂಟೆ ಜಿ4. ಬಿಳಿ ಕಾಲಾಳು ಇ5ರಲ್ಲಿ ಹೊಡೆಯಿತು, ಕಪ್ಪು ಒಂಟೆ ಎಫ್3ರ ಕುದುರೆಯನ್ನು ಹೊಡೆಯಿತು, ಬಿಳಿ ರಾಣಿ ಆ ಒಂಟೆಯನ್ನು ಹೊಡೆಯಿತು, ಕಪ್ಪು ಕಾಲಾಳು ಇ5ರಲ್ಲಿ ವಾಪಸ್ ಹೊಡೆಯಿತು. ಬಿಳಿ ಒಂಟೆ ಸಿ4ಕ್ಕೆ ಬಂದು, ಎಫ್7ರಲ್ಲಿ ರಾಣಿಯಿಂದ ಮೇಟ್ ಎಂದು ಬೆದರಿಸಿತು. ಕಪ್ಪು ಕುದುರೆ ಎಫ್6ಕ್ಕೆ ಬಂದು ದಾರಿಗೆ ಅಡ್ಡ ನಿಂತಿತು. ಆಗ ಬಿಳಿ ರಾಣಿ ಬಿ3ಕ್ಕೆ ಸರಿದು ಬಿ7 ಮತ್ತು ಎಫ್7 ಎರಡರ ಮೇಲೂ ಒಟ್ಟಿಗೆ ಕಣ್ಣಿಟ್ಟಿತು. ಕಪ್ಪು ರಾಣಿ ಇ7ಕ್ಕೆ. ಬಿಳಿಯ ಇನ್ನೊಂದು ಕುದುರೆ ಸಿ3, ಕಪ್ಪು ಕಾಲಾಳು ಸಿ6, ಬಿಳಿ ಒಂಟೆ ಜಿ5.

ಇಲ್ಲಿ ನಿಲ್ಲಿ. ಎಂಟನೇ ನಡೆಯಲ್ಲಿ ಮಾರ್ಫಿ ಬಿ7ರ ಕಾಲಾಳನ್ನು ಹೊಡೆಯಬಹುದಿತ್ತು. ಹೊಡೆದಿದ್ದರೆ ಕಪ್ಪು ರಾಣಿ ಬಿ4ಕ್ಕೆ ಬಂದು ಚೆಕ್ ಕೊಟ್ಟು ರಾಣಿಗಳ ವಿನಿಮಯಕ್ಕೆ ಒತ್ತಾಯಿಸುತ್ತಿತ್ತು. ಕಾಲಾಳು ಲಾಭ, ಆದರೆ ದಾಳಿ ಅಲ್ಲಿಗೆ ಮುಗಿಯುತ್ತಿತ್ತು. ಅವನು ಕುದುರೆಯನ್ನು ಹೊರಗೆ ತಂದ. ಇಂಥ ಕಡೆ ‘ನಾನಾಗಿದ್ದರೆ ಏನು ಆಡುತ್ತಿದ್ದೆ?’ ಎಂದು ಬರೆದಿಟ್ಟುಕೊಂಡು ಮುಂದೆ ಹೋಗಿ.

ಆಮೇಲೆ ಎಣಿಸಿ. ಮನೆ ಬಿಟ್ಟು ಹೊರಗೆ ಬಂದ ಕಾಯಿಗಳೆಷ್ಟು? ಬಿಳಿಯದು ನಾಲ್ಕು: ರಾಣಿ, ಎರಡು ಒಂಟೆ, ಒಂದು ಕುದುರೆ. ಕಪ್ಪಿನದು ಎರಡೇ: ರಾಣಿ ಮತ್ತು ಒಂದು ಕುದುರೆ. ಅದರಲ್ಲೂ ಆ ರಾಣಿ ಎಫ್8ರ ಒಂಟೆಯ ಬಾಗಿಲಿಗೇ ಅಡ್ಡ ನಿಂತಿದೆ. ಮುಂದೆ ಆಗುವ ಅನಾಹುತವೆಲ್ಲ ಈ ಲೆಕ್ಕದಲ್ಲೇ ಅಡಗಿದೆ.

ಇಂಥ ಸ್ಥಿತಿಯಲ್ಲಿ ಕಪ್ಪು ಆಡಿದ್ದು ಬಿ5, ಸಿ4ರ ಒಂಟೆಯನ್ನು ಓಡಿಸಲು. ಮಾರ್ಫಿ ಓಡಲಿಲ್ಲ. ಕುದುರೆಯಿಂದ ಬಿ5ರಲ್ಲಿ ಹೊಡೆದ, ಕಪ್ಪು ಕಾಲಾಳು ಆ ಕುದುರೆಯನ್ನು ತಿಂದಿತು, ಒಂಟೆ ಬಿ5ಕ್ಕೆ ಬಂದು ಚೆಕ್ ಹೇಳಿತು. ಒಂದು ಕುದುರೆಗೆ ಎರಡು ಕಾಲಾಳು. ಬರೀ ಬೆಲೆ ನೋಡಿದರೆ ನಷ್ಟ. ಆದರೆ ಚೆಕ್ ತಡೆಯಲು ಡಿ7ಕ್ಕೆ ಬಂದ ಕಪ್ಪು ಕುದುರೆ ರಾಜನಿಗೆ ಅಂಟಿಕೊಂಡು ನಿಂತಿತು, ಎಫ್6ರ ಕುದುರೆ ರಾಣಿಗೆ ಅಂಟಿಕೊಂಡು ನಿಂತಿತು. ಎರಡೂ ಪಿನ್ ಆದವು, ಅಂದರೆ ಕದಲಿದರೆ ಹಿಂದಿರುವ ರಾಜನೋ ರಾಣಿಯೋ ದಾಳಿಗೆ ಸಿಗುವ ಸ್ಥಿತಿ. ಮಾರ್ಫಿ ರಾಣಿಯ ಕಡೆಗೆ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಟ್ಟಿಗೆ ಸರಿಸುವ ವಿಶೇಷ ನಡೆ) ಮಾಡಿದ. ಒಂದೇ ನಡೆಯಲ್ಲಿ ರಾಜ ಸುರಕ್ಷಿತ, ಆನೆ ಡಿ1ರಿಂದ ದಾಳಿಗೆ ಸಿದ್ಧ. ಬೋರ್ಡ್ ಮುಂದೆ ಕೂತಾಗೆಲ್ಲ ನನ್ನ ಕೈ ಈ ನಡೆಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ.

ಉಳಿದದ್ದು ಬೇಗ: ಕಪ್ಪು ಆನೆ ಡಿ8, ಬಿಳಿ ಆನೆ ಡಿ7ರ ಕುದುರೆಯನ್ನು ಹೊಡೆಯಿತು, ಕಪ್ಪು ಆನೆ ವಾಪಸ್ ಹೊಡೆಯಿತು, ಬಿಳಿಯ ಎರಡನೇ ಆನೆ ಡಿ1ಕ್ಕೆ. ಕಪ್ಪು ರಾಣಿ ಇ6. ಬಿಳಿ ಒಂಟೆ ಡಿ7ರಲ್ಲಿ ಹೊಡೆದು ಚೆಕ್, ಕಪ್ಪು ಕುದುರೆ ಅದನ್ನು ತಿಂದಿತು. ಬಿಳಿ ರಾಣಿ ಬಿ8ಕ್ಕೆ ಹೋಗಿ ಚೆಕ್! ಕಪ್ಪಿಗೆ ಆಡಲು ಇದ್ದದ್ದು ಒಂದೇ ನಡೆ, ಕುದುರೆಯಿಂದ ರಾಣಿಯನ್ನು ಹೊಡೆಯುವುದು. ಆಗ ಡಿ1ರ ಆನೆ ಡಿ8ಕ್ಕೆ, ಮೇಟ್. ಕಾಲಾಳುಗಳನ್ನು ಬಿಟ್ಟರೆ ಮಾರ್ಫಿಯ ರಾಜನ ಜೊತೆ ಉಳಿದದ್ದು ಒಂದು ಆನೆ, ಒಂದು ಒಂಟೆ, ಅಷ್ಟೇ.

ಈಗ ನಿಜವಾದ ಕೆಲಸ. ಮೇಟ್ ಆದ ಸ್ಥಿತಿಯಿಂದ ಹಿಂದಕ್ಕೆ ಹೋಗಿ, ಪ್ರತಿ ಹೆಜ್ಜೆಗೂ ‘ಯಾಕೆ?’ ಎಂದು ಕೇಳಿ. ಕಪ್ಪು ರಾಜನಿಗೆ ಎಫ್8ಕ್ಕೆ ಓಡಲು ಯಾಕೆ ಆಗಲಿಲ್ಲ? ಅಲ್ಲಿ ಸ್ವಂತ ಒಂಟೆಯೇ ಕೂತಿದೆ, ಆಟ ಮುಗಿಯುವ ತನಕ ಒಂದು ಹೆಜ್ಜೆಯೂ ಇಟ್ಟಿಲ್ಲ. ಪಕ್ಕದ ಎಚ್8ರ ಆನೆಯದೂ ಅದೇ ಕಥೆ. ಒಂಟೆ ಯಾಕೆ ಹೊರಬರಲಿಲ್ಲ? ಇ7ರಲ್ಲಿ ರಾಣಿ ಇತ್ತು. ರಾಣಿ ಅಲ್ಲಿಗೆ ಯಾಕೆ ಬಂತು? ಎಫ್7 ಕಾಯಲು. ಬಿ7 ಯಾಕೆ ಅನಾಥವಾಯಿತು? ಅದನ್ನು ಕಾಯಬೇಕಿದ್ದ ಸಿ8ರ ಒಂಟೆ ಎಫ್3ರಲ್ಲಿ ಸತ್ತಿತ್ತು. ಅದು ಕುದುರೆಯನ್ನು ಯಾಕೆ ಹೊಡೆಯಿತು? ಹೊಡೆಯದೆ ಕಾಲಾಳಿನಿಂದ ಇ5ರಲ್ಲಿ ಹೊಡೆದಿದ್ದರೆ, ರಾಣಿಗಳ ವಿನಿಮಯದ ನಂತರ ಬಿಳಿ ಕುದುರೆ ಇ5ರ ಕಾಲಾಳನ್ನು ಪುಕ್ಕಟೆ ತಿನ್ನುತ್ತಿತ್ತು. ಹೀಗೆ ಎಳೆ ಹಿಡಿದು ಹೋದರೆ ತಲುಪುವುದು ಮೂರನೇ ನಡೆಯ ಒಂಟೆ ಜಿ4ಕ್ಕೆ. ರಾಣಿಯ ಬಲಿಗೆ ಚಪ್ಪಾಳೆ ತಟ್ಟುವವರು ಹದಿನಾರನೇ ನಡೆಯನ್ನು ನೋಡುತ್ತಾರೆ. ಬೇರು ಇರುವುದು ಮೂರರಲ್ಲಿ.

ಮೂರನೇ ನಡೆಯಿಂದ ಬಂದದ್ದು ತೊಂದರೆ, ಸೋಲಲ್ಲ. ಆಟ ಕೈಬಿಟ್ಟದ್ದು ಒಂಬತ್ತರ ಬಿ5ರಿಂದ. ನೋಟ್‌ಬುಕ್‌ನಲ್ಲಿ ಈ ಎರಡನ್ನೂ ಬೇರೆ ಬೇರೆ ಬರೆಯಿರಿ.

ಇಷ್ಟಾದ ಮೇಲೆ ಎಂಜಿನ್ ತೆರೆಯಿರಿ. ಸ್ಟಾಕ್‌ಫಿಶ್ ಉಚಿತವಾಗಿ ಸಿಗುತ್ತದೆ. ನಿಮ್ಮ ಉತ್ತರಕ್ಕೂ ಅದರ ಉತ್ತರಕ್ಕೂ ವ್ಯತ್ಯಾಸ ಬಂದ ಕಡೆ ಮತ್ತೆ ಬೋರ್ಡಿಗೆ ಬನ್ನಿ. ಕೊನೆಗೆ ಗೆಳೆಯನನ್ನೋ ಮಗಳನ್ನೋ ಎದುರು ಕೂರಿಸಿ, ಒಂಬತ್ತನೇ ನಡೆಯ ಸ್ಥಿತಿಯನ್ನು ಮತ್ತೆ ಜೋಡಿಸಿ ಕಪ್ಪು ಕಾಯಿ ಹಿಡಿಯಿರಿ. ಬಿ5ರ ಬದಲು ರಾಣಿಯನ್ನು ಸಿ7ಕ್ಕೆ ಸರಿಸಿ. ಕುದುರೆಯ ಪಿನ್ ಬಿಡುತ್ತದೆ, ಎಫ್8ರ ಒಂಟೆಗೆ ದಾರಿ ತೆರೆಯುತ್ತದೆ, ಬಿ7 ಮತ್ತು ಎಫ್7 ಎರಡಕ್ಕೂ ಕಾವಲು ಉಳಿಯುತ್ತದೆ. ಅಲ್ಲಿಂದ ಎಷ್ಟು ನಡೆ ತಡೆದು ನಿಲ್ಲುತ್ತೀರಿ, ಆಡಿ ನೋಡಿ.