ಕೊನೆಯ ಮನೆಯಿಂದ ಹಿಂದಕ್ಕೆ: ಹೆರಿಗೆ ಸೇವೆಯ ಯೋಜನೆ ನಾನು ಮಾಡಿದ ಬಗೆ

ಮೂರು ವರ್ಷದ ಹಿಂದೆ, ದೂರದ ಊರಿನ ಗರ್ಭಿಣಿಯರಿಗೂ ಹೆರಿಗೆ ಸೇವೆ ತಲುಪಿಸುವ ಈ ಯೋಜನೆಯ ಹಾಳೆಯನ್ನು ಸಭೆಯಲ್ಲಿ ಇಟ್ಟಾಗ ಎದುರಿಗಿದ್ದವರು ಎಂಟು ಜನ. ಏಳು ಜನ "ಇದು ಆಗೋ ಮಾತಲ್ಲ" ಅಂದರು. ಒಬ್ಬರು ಮಾತ್ರ "ಒಂದು ವರ್ಷ ನೋಡೋಣ" ಅಂದರು. ಒಂದು ವರ್ಷ ಸಾಕಾಗಲಿಲ್ಲ, ಎರಡೂವರೆ ಬೇಕಾಯಿತು. ಆದರೆ ಆಯಿತು. ಅವತ್ತು ಬೇಡ ಅಂದವರಲ್ಲೇ ಮೂವರು ಈಗ "ಸಿಸ್ಟರ್, ಆ ಹಾಳೆಯ ಒಂದು ಪ್ರತಿ ನಮಗೂ ಕೊಡಿ" ಅಂತ ಕೇಳಿದ್ದಾರೆ. ಕೊಟ್ಟಿದ್ದೇನೆ. ಹಾಳೆಯಲ್ಲಿ ಇಲ್ಲದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹದಿನೆಂಟು ವರ್ಷ ಲೇಬರ್ ರೂಮ್‌ನಲ್ಲಿ ಕೆಲಸ ಮಾಡಿ, ಆಮೇಲೆ ಯೋಜನೆಯ ಕಡೆಗೆ ಬಂದವಳು.

ನಮ್ಮ ವ್ಯಾಪ್ತಿಯಲ್ಲಿ ಅರವತ್ತು ಚಿಲ್ಲರೆ ಊರು, ಹಾಡಿ, ಕೇರಿಗಳು. ವರ್ಷಕ್ಕೆ ನೋಂದಣಿ ಪುಸ್ತಕದಲ್ಲಿ ಸುಮಾರು 900 ಗರ್ಭಿಣಿಯರು. ಅವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನಕ್ಕೆ ಹೆರಿಗೆಗೆ ಮುಂಚಿನ ನಾಲ್ಕು ತಪಾಸಣೆ ಆಗಿದೆ ಅಂತ ವರದಿ. ಎಲ್ಲರಿಗೂ ಸಮಾಧಾನ. ಅದೇ ವರ್ಷ ನಾಲ್ಕು ತಾಯಂದಿರು ತೀರಿಕೊಂಡರು. ಮೂವರು ಗುಡ್ಡದ ಆಚೆಯವರು. ಆ ಮೂವರ ಹೆಸರನ್ನು ನಾನೇ ರಿಜಿಸ್ಟರ್‌ನಲ್ಲಿ ಹುಡುಕಿದೆ. ಒಬ್ಬರ ಹೆಸರೂ ಇರಲಿಲ್ಲ.

ಅಲ್ಲೇ ನನಗೆ ವಿಷಯ ತಿಳಿದದ್ದು. ನೋಂದಣಿಯೇ ಆಗದವಳು ಲೆಕ್ಕಕ್ಕೆ ಬರಲ್ಲ. ಅವಳು ಲೆಕ್ಕಕ್ಕೆ ಬರದಿದ್ದರೆ ನಮ್ಮ ಸರಾಸರಿ ಚೆನ್ನಾಗಿ ಕಾಣುತ್ತೆ. ಸರಾಸರಿ ಚೆನ್ನಾಗಿದ್ದರೆ ಆ ಕಡೆಗೆ ದುಡ್ಡೂ ಹೋಗಲ್ಲ, ಜನವೂ ಹೋಗಲ್ಲ. ಸುಮ್ನೆ ಇನ್ನೂ ನೂರು ತಪಾಸಣೆ ಜಾಸ್ತಿ ಮಾಡಿದ್ದರೂ ಆ ಮೂವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಹಾಗಾಗಿ ಯೋಜನೆ ಬರೆಯುವ ಮೊದಲು ಪುಸ್ತಕದಲ್ಲಿ ಇಲ್ಲದವರನ್ನು ಹುಡುಕಿದೆವು. ಮಕ್ಕಳ ಲಸಿಕೆ ಪಟ್ಟಿ ಹಿಡಿದು, ಪ್ರತಿ ಮಗುವಿನಿಂದ ಒಂಬತ್ತು ತಿಂಗಳು ಹಿಂದಕ್ಕೆ ಹೋಗಿ, ಆ ತಾಯಿಯ ಹೆಸರು ನಮ್ಮಲ್ಲಿ ಇತ್ತಾ ಅಂತ ನೋಡುವುದು. ಅದರಲ್ಲೂ ಸಿಗದವರಿಗೆ ಸೂಲಗಿತ್ತಿಯರ ನೆನಪೇ ದಾರಿ. ಒಬ್ಬ ಅಜ್ಜಿ ಗೋಡೆಗೆ ಒರಗಿ ಕೂತು, ಬೆರಳು ಮಡಚುತ್ತಾ, ಎರಡು ವರ್ಷದ ಹೆರಿಗೆಗಳನ್ನು ಮನೆ ಮನೆ ಲೆಕ್ಕದಲ್ಲಿ ಹೇಳಿದರು. ಹುಟ್ಟಿ ಉಳಿಯದ ಕೂಸುಗಳನ್ನೂ ಹೇಳಿದರು. ನಾನು ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ನಮ್ಮ ಯಾವ ರಿಜಿಸ್ಟರ್ ಕೂಡ ಅಷ್ಟು ಸರಿಯಾಗಿ ಇರಲಿಲ್ಲ. ಏಳು ವಾರ ಬೇಕಾಯಿತು. ಪುಸ್ತಕದ ಹೊರಗೆ ಸುಮಾರು 70 ಹೆರಿಗೆ ಸಿಕ್ಕವು, ಹೆಚ್ಚು ಕಡಿಮೆ ಎಲ್ಲವೂ 17 ಊರುಗಳಲ್ಲಿ. ಈ ಕೆಲಸ ನಮ್ಮಷ್ಟು ಚೆನ್ನಾಗಿ ಮಾಡಿದವರನ್ನು ನಾನಿನ್ನೂ ನೋಡಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇನ್ನು ಸೋತದ್ದು. ಮೊದಲನೆಯದು ಸಂಚಾರಿ ಶಿಬಿರ. ಮೊದಲ ವರ್ಷದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಅದಕ್ಕೇ ಹೋಯಿತು, ಗಾಡಿ ಬಾಡಿಗೆ ಮತ್ತು ಡೀಸೆಲ್‌ಗೆ. ಜನ ತುಂಬಿ ಬಂದರು. ಫೋಟೋಗಳೂ ಚೆನ್ನಾಗಿ ಬಂದವು. ನಾಲ್ಕು ತಿಂಗಳ ಮೇಲೆ ಹೆಸರುಗಳನ್ನು ತಾಳೆ ಹಾಕಿದರೆ, ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮೊದಲೇ ಆಸ್ಪತ್ರೆಗೆ ಬರುತ್ತಿದ್ದವರು! ಗಾಡಿ ರಸ್ತೆ ಮುಗಿಯುವ ಕಡೆ ನಿಲ್ಲುತ್ತಿತ್ತು. ನಮಗೆ ಬೇಕಾದವರ ಮನೆ ಅಲ್ಲಿಂದ ಶುರು. ಸೇವೆಯನ್ನು ಎಲ್ಲರಿಗೂ ಸಮನಾಗಿ ತೆರೆದಿಟ್ಟರೆ ಮೊದಲು ಬರುವವರು ಹತ್ತಿರದವರೇ. ದುಡ್ಡು ಖರ್ಚಾದ ಮೇಲೆ ನನಗಿದು ಅರ್ಥವಾಯಿತು.

ಎರಡನೆಯದು, ದಿನ ತುಂಬಿದವರು ಮೊದಲೇ ಬಂದು ಉಳಿಯುವ ಮನೆ. ಆಸ್ಪತ್ರೆ ಪಕ್ಕದಲ್ಲೇ ಆರು ಮಂಚ, ಹೊಸ ಹಾಸಿಗೆ. ಎಂಟು ತಿಂಗಳಲ್ಲಿ ಬಂದವರು ಹನ್ನೊಂದು ಜನ. ಯಾಕೆ ಅಂತ ಕೇಳಲು ನಾನೇ ಒಬ್ಬರ ಮನೆಗೆ ಹೋದೆ. ಅತ್ತೆ ಬಾಗಿಲಲ್ಲೇ ಕೂರಿಸಿ ಹೇಳಿದರು: "ನೋಡು ತಾಯಿ, ನನ್ನ ಸೊಸೆನ ಹದಿನೈದು ದಿನ ನೀವು ಇಟ್ಕೋತೀರಿ. ಈ ಎರಡು ವರ್ಷದ ಕೂಸನ್ನ ಯಾರು ಇಟ್ಕೋತಾರೆ? ನಾನು ಅವಳ ಜೊತೆ ಬಂದ್ರೆ ದನ ಕರು ಯಾರು ನೋಡ್ತಾರೆ?" ನಮ್ಮ ನಿಯಮದಲ್ಲಿ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಅಡುಗೆ ಮಾಡಿಕೊಳ್ಳಲು ಒಲೆಯೂ ಇರಲಿಲ್ಲ. ನಿಯಮ ತೆಗೆದೆವು, ಒಲೆ ಇಟ್ಟೆವು, ಜೊತೆಗೆ ಬರುವವರಿಗೆ ಕೂಲಿಯ ಅರ್ಧದಷ್ಟು ಕೊಡಲು ಶುರು ಮಾಡಿದೆವು. ಮುಂದಿನ ಮಳೆಗಾಲಕ್ಕೆ ಆರು ಮಂಚ ಸಾಲಲಿಲ್ಲ.

ಮೂರನೆಯದು ಗರ್ಭಿಣಿಯರಿಗೆ ಕಳಿಸುತ್ತಿದ್ದ ಫೋನ್ ಸಂದೇಶ. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಫೋನ್ ಗಂಡನ ಜೇಬಿನಲ್ಲಿ, ಗಂಡ ಕೆಲಸಕ್ಕೆ ಹೊರಗೆ. ನಿಲ್ಲಿಸಿದೆವು.

ಕೆಲಸಕ್ಕೆ ಬಂದದ್ದು ಗಂಟೆಯ ಲೆಕ್ಕ. ಕಿಲೋಮೀಟರ್ ಅಲ್ಲ, ಗಂಟೆ. ಅದೂ ಮಳೆಗಾಲದ ರಾತ್ರಿಯ ಗಂಟೆ, ಸಿಸೇರಿಯನ್ ಮಾಡುವ ಮತ್ತು ರಕ್ತ ಕೊಡುವ ಜಾಗದವರೆಗೆ. ಹಳೆಯ ಒಂದು ಅಂದಾಜು ನಮಗೆಲ್ಲ ಗೊತ್ತೇ ಇದೆ: ಚಿಕಿತ್ಸೆ ಸಿಗದಿದ್ದರೆ ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ತಾಯಿಗೆ ಉಳಿಯುವುದು ಸರಾಸರಿ 2 ಗಂಟೆ. ಹೆರಿಗೆಗೆ ಮುಂಚಿನ ರಕ್ತಸ್ರಾವಕ್ಕೆ 12 ಗಂಟೆ, ಗರ್ಭಕೋಶ ಒಡೆದರೆ 1 ದಿನ, ಫಿಟ್ಸ್‌ಗೆ 2 ದಿನ, ಮಗು ಸಿಕ್ಕಿಕೊಂಡು ಮುಂದೆ ಹೋಗದ ಹೆರಿಗೆಗೆ 3 ದಿನ, ನಂಜಿಗೆ 6 ದಿನ. ಇದನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಊರುಗಳ ಹೆಸರು ಮತ್ತು ಗಂಟೆ ಬರೆದೆವು. 2 ಗಂಟೆಯ ಗೆರೆ ಎಳೆದರೆ ಅದರ ಆಚೆ ಉಳಿದದ್ದು ಸರಿಯಾಗಿ ಅದೇ 17 ಊರು. ಪುಸ್ತಕದ ಹೊರಗಿದ್ದವರೂ ಗೆರೆಯ ಹೊರಗಿದ್ದವರೂ ಒಬ್ಬರೇ.

ಗಂಟೆಗಳನ್ನು ಕುರ್ಚಿಯಲ್ಲಿ ಕೂತು ಬರೆಯಲಿಲ್ಲ. ನಡೆದು ಅಳೆದೆವು. ಒಂದು ಸಲ ರಾತ್ರಿ ಹನ್ನೊಂದಕ್ಕೆ, ಕಂಬಳಿ ಜೋಲಿಯಲ್ಲಿ ಅರವತ್ತು ಕಿಲೋ ತೂಕದ ಚೀಲ ಹೊತ್ತು, ನಾಲ್ಕು ಜನ ಹೆಗಲು ಬದಲಿಸುತ್ತಾ ಇಳಿದರು. ನಾನು ಹಿಂದೆ ಟಾರ್ಚ್ ಹಿಡಿದಿದ್ದೆ. ಕಾಗದದಲ್ಲಿ 40 ನಿಮಿಷ ಅಂತ ಇದ್ದ ದಾರಿ 1 ಗಂಟೆ 50 ನಿಮಿಷ ಹಿಡಿಯಿತು. ಇಳಿಜಾರಿನಲ್ಲಿ ಜೋಲಿ ಬಂಡೆಗೆ ತಗುಲಿದಾಗ ಹೊತ್ತವನೊಬ್ಬ "ಮೇಡಂ, ಇದರೊಳಗೆ ಹೆಣ್ಣುಮಗಳು ಇದ್ದಿದ್ರೆ?" ಅಂದ. ಯಾರೂ ಮಾತಾಡಲಿಲ್ಲ.

ಮೂರು ವಿಳಂಬಗಳ ಮಾತು 1994ರಿಂದ ಎಲ್ಲರ ಬಾಯಲ್ಲೂ ಇದೆ: ಹೊರಡಲು ತೀರ್ಮಾನಿಸುವ ತಡ, ತಲುಪುವ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವ ತಡ. ದುಡ್ಡು ಮಾತ್ರ ಯಾವಾಗಲೂ ಎರಡನೆಯದಕ್ಕೇ ಹೋಗುತ್ತೆ, ಯಾಕೆಂದರೆ ಆಂಬುಲೆನ್ಸ್ ಕಣ್ಣಿಗೆ ಕಾಣುತ್ತೆ. ನಾವು ಗೇಟಿನಿಂದ ಮೊದಲ ಇಂಜೆಕ್ಷನ್‌ವರೆಗೆ ಗಡಿಯಾರ ಹಿಡಿದು ನೋಡಿದೆವು. ಪೇಟೆಯಿಂದ ಬಂದವರಿಗೆ ಸುಮಾರು 20 ನಿಮಿಷ. ಗುಡ್ಡದ ಕಡೆಯವರಿಗೆ 50ರ ಮೇಲೆ. ಅದೇ ಆಸ್ಪತ್ರೆ, ಅದೇ ಡ್ಯೂಟಿ ಡಾಕ್ಟರ್. ಗುಡ್ಡದವರ ಮಾತು ನಮ್ಮ ಸಿಬ್ಬಂದಿಗೆ ಅರ್ಥವಾಗುತ್ತಿರಲಿಲ್ಲ, ಅವರ ಕೈಯಲ್ಲಿ ತಪಾಸಣೆಯ ಕಾರ್ಡ್ ಇರುತ್ತಿರಲಿಲ್ಲ, "ಯಾಕಮ್ಮ ಇಷ್ಟು ತಡವಾಗಿ ಬಂದೆ" ಅಂತ ಬೈಯಿಸಿಕೊಂಡು ಮೂಲೆಯಲ್ಲಿ ನಿಲ್ಲುತ್ತಿದ್ದರು. ಹೆರಿಗೆಯ ಹೊತ್ತಿನ ಅಗೌರವದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿಕೆ ಕೊಟ್ಟಿದೆ. ನಾವು ಅದರ ಪೋಸ್ಟರ್ ಹಾಕಿದೆವು, ಏನೂ ಬದಲಾಗಲಿಲ್ಲ. ಆಮೇಲೆ ಆ 17 ಊರುಗಳಲ್ಲೇ ಹುಟ್ಟಿ ಬೆಳೆದ ಇಬ್ಬರು ಹೆಣ್ಣುಮಕ್ಕಳನ್ನು ಲೇಬರ್ ರೂಮ್ ಆಯಾ ಕೆಲಸಕ್ಕೆ ತೆಗೆದುಕೊಂಡೆವು. ಆರು ತಿಂಗಳಲ್ಲಿ 50 ನಿಮಿಷ 25ಕ್ಕೆ ಇಳಿಯಿತು. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಅದು.

ದುಡ್ಡಿನ ವಿಷಯ. ಹೊಸ ದುಡ್ಡು ಒಂದು ಕಾಸೂ ಬರಲಿಲ್ಲ. ಮೊದಲು ಹಂಚುತ್ತಿದ್ದದ್ದು ತಲೆ ಎಣಿಸಿ. ಪುಸ್ತಕದಲ್ಲಿ ಇದ್ದವರಷ್ಟೇ ತಲೆ ಆದ್ದರಿಂದ ಆ 17 ಊರಿಗೆ ನೂರಕ್ಕೆ 7 ಹೋಗುತ್ತಿತ್ತು. ನಾನು ತಲೆಯ ಜೊತೆ ಗಂಟೆಯನ್ನೂ ಸೇರಿಸಿದೆ. ಹತ್ತಿರದ ಒಂದು ಹೆರಿಗೆ ಒಂದು ಅಂತಾದರೆ ಗೆರೆಯ ಆಚೆಯದು ಹೆಚ್ಚು ಕಡಿಮೆ ಮೂರು. ನಡುವಿನ ಊರುಗಳ ತೂಕ ಹೇಗೆ ಇಟ್ಟೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದನ್ನು ನಕಲು ಮಾಡಿದರೆ ನಿಮ್ಮ ಜಾಗಕ್ಕೆ ತಪ್ಪಾಗುತ್ತೆ, ನೀವೇ ನಡೆದು ಅಳೆದು ಕಟ್ಟಬೇಕು. ಹೀಗೆ ಹಾಕಿದಾಗ ಅವರ ಪಾಲು ನೂರಕ್ಕೆ 25 ಆಯಿತು. ಆ 18 ಎಲ್ಲಿಂದ ಬಂತು? ದೊಡ್ಡ ಆಸ್ಪತ್ರೆಗೆ ಎರಡನೇ ಸ್ಕ್ಯಾನಿಂಗ್ ಮಷಿನ್ ಮುಂದೂಡಿದೆವು. ಬಣ್ಣ ಬಳಿಯುವುದು ನಿಂತಿತು. ಹೊರಗಡೆ ಹಾಲ್ ಹಿಡಿದು ಮಾಡುತ್ತಿದ್ದ ತರಬೇತಿಗಳು ವಾರ್ಡ್ ಒಳಗೇ ಬಂದವು.

ಲೆಕ್ಕಪತ್ರದವರು ಒಪ್ಪಲಿಲ್ಲ. "ಮೇಡಂ, ಇಲ್ಲಿ ನಾನೂರು ಹೆರಿಗೆಗೆ ಕೊಡೋದನ್ನ ಆ 17 ಊರಿನ ನೂರ ಮೂವತ್ತಕ್ಕೆ ಕೊಡ್ತಿದ್ದೀರಿ. ಆಡಿಟ್‌ನವರಿಗೆ ಏನ್ ಹೇಳಲಿ?" ಅಂದರು. "ಸಾರ್, ಸತ್ತ ನಾಲ್ವರಲ್ಲಿ ಮೂವರು ಆ ನೂರ ಮೂವತ್ತರಲ್ಲೇ ಇದ್ದರು ಅಂತ ಹೇಳಿ" ಅಂದೆ. ಸಹಿ ಹಾಕಲು ಇನ್ನೂ ಎರಡು ತಿಂಗಳು ತೆಗೆದುಕೊಂಡರು. ಆದರೆ ಹಾಕಿದರು, ಆಮೇಲೆ ಆಡಿಟ್‌ನಲ್ಲಿ ನನಗಿಂತ ಗಟ್ಟಿಯಾಗಿ ವಾದಿಸಿದವರೂ ಅವರೇ.

ಆ ದುಡ್ಡಿನಲ್ಲಿ ಸ್ವಲ್ಪ ನಗದಾಗಿ ಊರಿನ ಆರೋಗ್ಯ ಕಾರ್ಯಕರ್ತೆಯ ಕೈಯಲ್ಲೇ ಇಟ್ಟೆವು. ರಾತ್ರಿ ನೋವು ಬಂದರೆ ಗಾಡಿಯವರಿಗೆ ಅಲ್ಲೇ ಕೊಡುವುದು, ರಸೀದಿ ಮರುದಿನ. "ದುಡ್ಡು ಮಾಯ ಆಗುತ್ತೆ" ಅಂದರು. ಎರಡು ವರ್ಷದಲ್ಲಿ ಲೆಕ್ಕ ಸಿಗದೇ ಹೋದದ್ದು ನೂರಕ್ಕೆ ಮೂರು. ಗಾಡಿಯವರನ್ನು ನಡುರಾತ್ರಿ ಬರುವ ಹಾಗೆ ಒಪ್ಪಿಸಿದ್ದು ಹೇಗೆ ಅನ್ನುವುದು ನಮ್ಮ ಮತ್ತು ಅವರ ನಡುವಿನ ಮಾತು, ಅದನ್ನು ಬಿಡುತ್ತೇನೆ.

ಗುಡ್ಡದ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಹುದ್ದೆ ಹನ್ನೊಂದು ತಿಂಗಳು ಖಾಲಿ ಇತ್ತು. ಭತ್ಯೆ ಜಾಸ್ತಿ ಮಾಡಿದೆವು, ಯಾರೂ ನಿಲ್ಲಲಿಲ್ಲ. ಕೊನೆಗೆ ಬಿಟ್ಟು ಹೋದ ಹುಡುಗಿಯನ್ನೇ ಕೇಳಿದೆ. "ಅಕ್ಕ, ಬಾಗಿಲಿಗೆ ಒಳಗಿಂದ ಚಿಲಕ ಇಲ್ಲ. ರಾತ್ರಿ ಬೆಂಚು ಅಡ್ಡ ಇಟ್ಟು ಮಲಗ್ತಿದ್ದೆ" ಅಂದಳು. ಒಂದು ಚಿಲಕ, ಹೊರಗೊಂದು ದೀಪ, ಹಿಂದೆ ಒಂದು ಶೌಚಾಲಯ. ಒಬ್ಬಳೇ ಇರುವ ಬದಲು ಇಬ್ಬರು ಜೊತೆಯಾಗಿ, ವಾರಕ್ಕೆ ಮೂರು ರಾತ್ರಿ ಪಾಳಿ. ಆಮೇಲೆ ಆ ಹುದ್ದೆ ಖಾಲಿ ಬಿದ್ದಿಲ್ಲ. ನಲವತ್ತು ಪುಟದ ಹಳೆಯ ಯೋಜನೆಯಲ್ಲಿ ಚಿಲಕ ಅನ್ನುವ ಪದವೇ ಇರಲಿಲ್ಲ, ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತೆ.

ನಡುವೆ ಸಣ್ಣಪುಟ್ಟ ಪ್ರಯೋಗಗಳನ್ನೂ ಮಾಡಿದೆವು. ವಾರಕ್ಕೊಂದು ಮಣಿ ಪೋಣಿಸುವ ದಾರ ಕೊಟ್ಟೆವು, ದಿನ ತುಂಬುವುದು ತಿಳಿಯಲಿ ಅಂತ. ಮನೆಯ ಮಕ್ಕಳು ಕಿತ್ತು ಆಡಿದರು. ಊರಿಗೊಂದು ರಕ್ತದಾನಿಗಳ ಪಟ್ಟಿ ಮಾಡಿ, ಗುಂಪು ಪರೀಕ್ಷಿಸಿ ಇಟ್ಟೆವು. ಅದು ನಾಲ್ಕು ಸಲ ಕೈಹಿಡಿಯಿತು. ಇನ್ನೊಂದು, ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಕುವ ಅಳತೆ ಗೆರೆಯ ಪ್ಲಾಸ್ಟಿಕ್ ಚೀಲ. ರಕ್ತ ಎಷ್ಟು ಹೋಯಿತು ಅಂತ ಕಣ್ಣಂದಾಜಿನಲ್ಲಿ ಹೇಳುವುದು ನನಗೇ ಎಷ್ಟೋ ಸಲ ತಪ್ಪಿದೆ. 2023ರಲ್ಲಿ ಇ-ಮೋಟಿವ್ ಅಧ್ಯಯನ ಹೊರಬಂತು. ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಈ ಚೀಲದಿಂದ ಬೇಗ ಗುರುತಿಸಿ, ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದಾಗ ತೀವ್ರ ರಕ್ತಸ್ರಾವದಂಥ ಅಪಾಯ ನೂರಕ್ಕೆ 60ರಷ್ಟು ಕಡಿಮೆಯಾಗಿತ್ತು. ಅದನ್ನು ಓದಿದ ಮೇಲೆ ನಾವು ಮೊದಲು ತರಿಸಿದ್ದು ದೊಡ್ಡ ಆಸ್ಪತ್ರೆಗೆ ಅಲ್ಲ, ಗುಡ್ಡದ ಉಪಕೇಂದ್ರಕ್ಕೆ. ಎರಡು ಗಂಟೆ ದೂರ ಇರುವವರಿಗೆ ಹತ್ತು ನಿಮಿಷ ಬೇಗ ತಿಳಿಯುವುದು ಪೇಟೆಯವರಿಗಿಂತ ಜಾಸ್ತಿ ಮುಖ್ಯ, ಅಲ್ವಾ?

ಈಗ ಲೆಕ್ಕ, ನೆನಪಿನಿಂದ. ಆ 17 ಊರಿನಲ್ಲಿ ನಾಲ್ಕು ತಪಾಸಣೆ ಆದವರು ಹತ್ತಕ್ಕೆ ಇಬ್ಬರಿದ್ದರು, ಈಗ ಏಳು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುವ ಎಂಟು ಭೇಟಿ ಹತ್ತಕ್ಕೆ ಮೂವರಿಗಷ್ಟೇ ಆಗುತ್ತಿದೆ. ರಾತ್ರಿ ಮನೆ ಬಿಟ್ಟು ದೊಡ್ಡ ಆಸ್ಪತ್ರೆ ಸೇರಲು ಐದು ಗಂಟೆ ಹತ್ತಿರ ಬೇಕಿತ್ತು, ಈಗ ಎರಡೂವರೆ. ತಾಯಿ ಮರಣ ನಾಲ್ಕರಿಂದ ಎರಡಾಯಿತು, ಒಂದಾಯಿತು, ಈ ವರ್ಷ ಇಲ್ಲಿಯವರೆಗೆ ಇಲ್ಲ. ಇಷ್ಟು ಸಣ್ಣ ಸಂಖ್ಯೆ ಹಿಡಿದು ಗೆದ್ದೆವು ಅನ್ನಲಾಗದು. ನಾನು ನೋಡುವುದು ಗಂಟೆಗಳನ್ನು.

ಗಂಟೆ ಇಳಿಯದ ಊರು ಒಂದಿದೆ. ಹನ್ನೊಂದು ಮನೆ, ಹೊಳೆಯ ಆಚೆ. ನೀರು ಏರಿದರೆ ದಾರಿಯೇ ಇಲ್ಲ. ಹೋದ ವರ್ಷ ಅಲ್ಲಿ ಮೂರು ಹೆರಿಗೆ, ಮೂರೂ ಮನೆಯಲ್ಲೇ. ಈ ಸಲ ಅಲ್ಲಿ ಇಬ್ಬರು ಬಸುರಿಯರು, ಇಬ್ಬರಿಗೂ ದಿನ ತುಂಬುವುದು ಮಳೆಯ ನಡುವೆಯೇ. ಇಬ್ಬರ ಹೆಸರನ್ನೂ ಹಾಳೆಯ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಉಳಿಯುವ ಮನೆಯಲ್ಲಿ ಎರಡು ಮಂಚ ಅವರಿಗೇ ಅಂತ ಇಟ್ಟಿದೆ. ಒಬ್ಬಳು ತನ್ನ ಮಗಳ ಜೊತೆ ಬರುತ್ತೇನೆ ಅಂದಿದ್ದಾಳೆ. ಇನ್ನೊಬ್ಬಳ ಅತ್ತೆಯನ್ನು ಕೇಳಲು ನಾಳಿದ್ದು ಹೋಗುತ್ತಿದ್ದೇನೆ.