ಮನೆಯ ವೈನ್ ತಿಳಿಯಾಗಬೇಕೆ? ವಾರವಿಡೀ ಫ್ರಿಜ್ಜಿನಲ್ಲಿಡಿ

ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಜೊತೆ ಕೊಡಲೆಂದು ಭರಣಿಯಲ್ಲಿ ಹಾಕಿಟ್ಟ ದ್ರಾಕ್ಷಿ ವೈನ್ 21 ದಿನ ಕಳೆದರೂ ಬಗ್ಗಡವಾಗಿಯೇ ಇರುವುದುಂಟು. ಮಂಗಳೂರು, ಉಡುಪಿಯ ಅನೇಕ ಮನೆಗಳಲ್ಲಿ ಆಗ ಅದನ್ನು ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸುತ್ತಾರೆ. ಇದರಿಂದ ಲಾಭಕ್ಕಿಂತ ನಷ್ಟ ಜಾಸ್ತಿ. ಬಗ್ಗಡಕ್ಕೆ ಕಾರಣವಾದ ಯೀಸ್ಟ್ ಕಣ ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತಲೂ ಚಿಕ್ಕದು, ಬಟ್ಟೆಯ ಕಣ್ಣಿಗೆ ಅದು ಸಿಕ್ಕುವುದಿಲ್ಲ. ಸೋಸುವಾಗ ಸೇರುವ ಗಾಳಿಯಿಂದ ವೈನ್ ಕಂದು ತಿರುಗಿ ರುಚಿ ಕೆಡುತ್ತದೆ, ಅಷ್ಟೆ. ಸಿಪ್ಪೆ, ಬೀಜ ತೆಗೆಯಲು ಒಮ್ಮೆ ಸೋಸಿ. ಮುಂದಿನದನ್ನು ಚಳಿಯೇ ಮಾಡುತ್ತದೆ.

ಮೊದಲು ಹುದುಗು ನಿಂತಿದೆಯೇ ನೋಡಿ. ಕರಾವಳಿಯ 28–30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಜೋರಾದ ಹುದುಗು ಹೆಚ್ಚಾಗಿ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಮೂರು ದಿನ ಅಳೆದು ನೋಡಿ, ಅಂಕಿ ಬದಲಾಗಬಾರದು. ಇಲ್ಲದಿದ್ದರೆ ಭರಣಿಯೊಳಗೆ ಟಾರ್ಚ್ ಹಿಡಿಯಿರಿ, ಅಂಚಿನಲ್ಲಿ ಗುಳ್ಳೆ ಏಳುತ್ತಿರಬಾರದು.

ಭರಣಿಯಿಂದ 5 ಲೀಟರಿನ ಗಾಜಿನ ಜಾಡಿಗೆ ನಿಧಾನವಾಗಿ ವರ್ಗಾಯಿಸಿ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಸೌಟಿನ ಹಿಡಿಯಿಂದ ಎರಡು ನಿಮಿಷ ಮೆಲ್ಲಗೆ ತಿರುಗಿಸಿ, ಒಳಗಿನ ಗ್ಯಾಸ್ ಹೊರಗೆ ಹೋಗಲಿ. ಗ್ಯಾಸ್ ಉಳಿದರೆ ಗುಳ್ಳೆಗಳು ಯೀಸ್ಟನ್ನು ಮೇಲೆತ್ತುತ್ತಲೇ ಇರುತ್ತವೆ. ಜಾಡಿಯನ್ನು ಕುತ್ತಿಗೆಯವರೆಗೆ ತುಂಬಿಸಿ, ಒಂದು ಬೆರಳಿನಷ್ಟು ಜಾಗ ಬಿಟ್ಟು ಗಟ್ಟಿ ಮುಚ್ಚಳ ಹಾಕಿ. ಈ ಮುಚ್ಚಳವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 30 ಡಿಗ್ರಿಯಿಂದ 3 ಡಿಗ್ರಿಗೆ ಇಳಿದಾಗ ಖಾಲಿ ಜಾಗದ ಗಾಳಿ ಸುಮಾರು ಹತ್ತನೇ ಒಂದು ಪಾಲು ಕುಗ್ಗಿ, ಹೊರಗಿನದನ್ನು ಒಳಗೆಳೆಯುತ್ತದೆ. ಏರ್‌ಲಾಕ್ (ಗ್ಯಾಸ್ ಹೊರಬಿಡುವ ನೀರು ತುಂಬಿದ ಮುಚ್ಚಳ) ಇದ್ದರೆ ಅದರ ನೀರು ವೈನಿಗೆ ಬೀಳಬಹುದು. ಬಾಯಿಗೆ ಬರೀ ಬಟ್ಟೆ ಕಟ್ಟಿದ್ದರೆ ಫ್ರಿಜ್ಜಿನಲ್ಲಿರುವ ಬಂಗುಡೆಯ ವಾಸನೆಯೂ ಒಳಗೆ ಹೋಗುತ್ತದೆ.

ಫ್ರಿಜ್ಜಿನ ಒಳಗಿನ ತಟ್ಟೆಯಲ್ಲಿ, 2ರಿಂದ 4 ಡಿಗ್ರಿಯಲ್ಲಿ, 5ರಿಂದ 7 ದಿನ ಇಡಿ. ಬಾಗಿಲಿನ ಕಪಾಟು ಬೇಡ, ಪ್ರತಿ ಸಲ ತೆರೆದಾಗಲೂ ಕುಲುಕುತ್ತದೆ. ಫ್ರೀಜರ್ ಸಹ ಬೇಡ, ವೈನ್ ಹೆಪ್ಪುಗಟ್ಟಿ ಗಾಜು ಒಡೆಯುತ್ತದೆ. ಜಾಡಿಯ ಒಂದು ಬದಿಯ ಅಡಿಗೆ ಮಡಚಿದ ಬಟ್ಟೆ ಕೊಟ್ಟು ತುಸು ಓರೆಯಾಗಿಸಿದರೆ ಗಸಿಯೆಲ್ಲ ತಗ್ಗಿನ ಮೂಲೆಗೆ ಸೇರುತ್ತದೆ, ತಿಳಿ ಬಸಿಯುವಾಗ ಸುಲಭ.

ತಿಳಿ ತೆಗೆಯುವುದು ಜಾಡಿ ತಣ್ಣಗಿರುವಾಗಲೇ. ನಮ್ಮ ಸೆಕೆಗೆ ಹೊರಗಿಟ್ಟ ಸ್ವಲ್ಪ ಹೊತ್ತಿಗೇ ಕರಗಿದ್ದ ಗ್ಯಾಸ್ ಬಿಟ್ಟುಕೊಂಡು ಗಸಿ ಮೇಲೇಳತೊಡಗುತ್ತದೆ. ಹೊರಮೈಯಲ್ಲಿ ನೀರು ಕೂತು ಜಾಡಿ ಕೈಯಿಂದ ಜಾರುವ ಭಯವೂ ಇದೆ, ಒಣಬಟ್ಟೆ ಸುತ್ತಿ ಎತ್ತಿ. ಆಹಾರಕ್ಕೆ ಯೋಗ್ಯವಾದ ಸಣ್ಣ ಪೈಪಿನ ತುದಿಯನ್ನು ಗಸಿಯಿಂದ ಎರಡು ಬೆರಳು ಮೇಲೆ ಹಿಡಿದು, ಇನ್ನೊಂದು ತುದಿಯನ್ನು ಕೆಳಗಿಟ್ಟ ಬಾಟಲಿಯ ತಳಕ್ಕೆ ಮುಟ್ಟಿಸಿ. ಮೇಲಿನಿಂದ ಸುರಿದರೆ ಮತ್ತೆ ಗಾಳಿ ಸೇರುತ್ತದೆ.

ಆದರೂ ಮಬ್ಬು ಹೋಗದಿದ್ದರೆ ತಪ್ಪು ಫ್ರಿಜ್ಜಿನದಲ್ಲ. ನಮ್ಮಲ್ಲಿ ವೈನಿಗೆ ಗೋಧಿ ಹಾಕುವ ರೂಢಿ ಇದೆ. ಅದರ ಪಿಷ್ಟ ಚಳಿಗೆ ತಳ ಸೇರುವುದಿಲ್ಲ. ಬಿಳಿ ಬಸಿಯಲ್ಲಿ ಒಂದು ಚಮಚ ವೈನಿಗೆ ಐದು ಚಮಚ ನೀರು ಬೆರೆಸಿ ಎರಡು ಹನಿ ಅಯೋಡಿನ್ ಬಿಡಿ. ನೀಲಿಗಪ್ಪು ಬಣ್ಣ ಬಂದರೆ ಪಿಷ್ಟವೇ. ಆ ಮಾದರಿಯನ್ನು ಚೆಲ್ಲಿಬಿಡಿ, ಮುಂದಿನ ಸಲ ಗೋಧಿ ಬಿಡಿ. ದ್ರಾಕ್ಷಿಯನ್ನು ಬೇಯಿಸಿ ಹಾಕಿದ್ದರೆ ಹಣ್ಣಿನ ಅಂಟಾದ ಪೆಕ್ಟಿನ್‌ನ ಮಬ್ಬು ಇರಬಹುದು. ಇದಕ್ಕೆ ಪೆಕ್ಟಿನೇಸ್ ಕಿಣ್ವವನ್ನು ಹುದುಗುವ ಮೊದಲೇ ಹಾಕುವುದು ಒಳ್ಳೆಯದು. ವೈನ್ ತಿಳಿಯಾಗಲೆಂದು ಮೊಟ್ಟೆಯ ಬಿಳಿ ಹಾಕುವವರು 5 ಲೀಟರಿಗೆ ಒಂದು ಸಣ್ಣ ಚಮಚದಲ್ಲಿ ನಿಲ್ಲಿಸಿ. ಇಡೀ ಮೊಟ್ಟೆಯದ್ದು ಹಾಕಿದರೆ ವೈನಿನ ಒಗರು ಹೋಗಿ ಸಪ್ಪೆಯಾಗುತ್ತದೆ. ತಳದಲ್ಲಿ ಕಲ್ಲುಸಕ್ಕರೆಯ ಚೂರಿನಂತಹ ಹರಳು ಕಂಡರೆ ಹೆದರಬೇಡಿ. ಅದು ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಲವಣ, ಹಾನಿಯಿಲ್ಲ.

ಒಂದು ಎಚ್ಚರಿಕೆ ಮಾತ್ರ ಮರೆಯಲೇಬಾರದು: ಚಳಿಗೆ ಯೀಸ್ಟ್ ಸಾಯುವುದಿಲ್ಲ, ಮಲಗುತ್ತದೆ. ನಮ್ಮ ಮನೆ ವೈನ್‌ಗಳು ಸಿಹಿ. ಉಳಿದ ಸಕ್ಕರೆಯ ಮೇಲೆ ಹೊರಗಿನ ಸೆಕೆಯಲ್ಲಿ ಹುದುಗು ಮತ್ತೆ ಎದ್ದರೆ ಬಿರಡೆ ಹಾರುತ್ತದೆ, ಬಾಟಲಿ ಸಿಡಿಯಲೂಬಹುದು. ಸಿಹಿ ವೈನನ್ನು ಮುಗಿಯುವವರೆಗೂ ಫ್ರಿಜ್ಜಿನಲ್ಲೇ ಇಡಿ, ಉಡುಗೊರೆ ಕೊಡುವಾಗಲೂ ಇದನ್ನು ಹೇಳಿ ಕೊಡಿ.

ಜಾಡಿಯ ತಳದಲ್ಲಿ ಉಳಿದದ್ದನ್ನು ಚೆಲ್ಲಬೇಡಿ. ಕಿರಿದಾದ ಬಾಟಲಿಗೆ ಹಾಕಿ ಇನ್ನೆರಡು ದಿನ ತಣ್ಣಗಿಟ್ಟರೆ ಮೇಲೆ ಮತ್ತಷ್ಟು ತಿಳಿ ಸಿಗುತ್ತದೆ, ಪ್ಲಮ್ ಕೇಕಿನ ಒಣಹಣ್ಣು ನೆನೆಸಲು ಅಷ್ಟು ಸಾಕು.