ತೊಗರಿ ಕೊಯ್ದ ಮೇಲೆ ಮೋರಿ ಕಾಯಿರಿ: ಕ್ಯಾಂಪಸ್ಸಿನಲ್ಲಿ ನನಗೆ ತೋಳ ಸಿಕ್ಕಿದ್ದು ಹೀಗೆ

ಕಲಬುರಗಿಯಿಂದ ಆಳಂದ ಕಡೆಗಿರುವ ನಮ್ಮ ಸಂಶೋಧನಾ ಕ್ಯಾಂಪಸ್ಸಿಗೆ ತೋಳ ಬರುತ್ತದೆ ಅಂದರೆ ಯಾರೂ ನಂಬುತ್ತಿರಲಿಲ್ಲ. "ಅವು ನಾಯಿ ಅದಾವ್ರಿ ಸರ್, ಕತ್ತಲ್ದಾಗ ಹಂಗೇ ಕಾಣ್ತಾವ" ಅಂತ ಗೇಟಿನ ಕಾವಲುಗಾರರು. ಪ್ರಾಣಿ ನೋಡಬೇಕಾದ್ರೆ ಚಿಂಚೋಳಿ ಕಾಡಿಗೆ ಹೋಗಿ, ಇಲ್ಲಿ ತೊಗರಿ ಹೊಲದಲ್ಲಿ ಏನಿದೆ ಅಂತ ಸಹೋದ್ಯೋಗಿಗಳು. ಈಗ ನನ್ನ ಹತ್ತಿರ ಜೋಡಿ ತೋಳದ ವಿಡಿಯೊ ಇದೆ. ಬೆಳಗಿನ ಬೆಳಕಿನದು, ಮುಖ ಸ್ಪಷ್ಟ. ನಾಯಿ ಅನ್ನೋಕೆ ಯಾರಿಗೂ ದಾರಿ ಇಲ್ಲ.

ಇದು ಟ್ರ್ಯಾಪ್ ಕ್ಯಾಮೆರಾದ ಕೆಲಸ, ಅಂದರೆ ಎದುರಿಗೆ ಏನಾದರೂ ಅಲ್ಲಾಡಿದರೆ ಸೆನ್ಸರಿನಿಂದ ಗೊತ್ತಾಗಿ ತಾನೇ ಕ್ಲಿಕ್ ಮಾಡುವಂಥದ್ದು. ಮೊದಲ ಕ್ಯಾಮೆರಾ ಹನ್ನೆರಡು ಸಾವಿರದ ಆಸುಪಾಸು, ಸ್ವಂತ ದುಡ್ಡು. ಜಾಲಿ ಮರಕ್ಕೆ ಕಟ್ಟಿದೆ. ಎದುರಿಗೆ ಬಿಳಿಜೋಳದ ಪ್ಲಾಟು. ಗಾಳಿಗೆ ಗರಿ ಅಲ್ಲಾಡಿದಷ್ಟೂ ಸಲ ಕ್ಲಿಕ್, ಕಾರ್ಡ್ ತುಂಬಾ ಬರೀ ಜೋಳದ ಗರಿ. ಸೆನ್ಸರಿನ ಸೂಕ್ಷ್ಮತೆ ಕಡಿಮೆ ಮಾಡಿದರೆ ಮೊಲ ಎದುರಿಗೇ ಹೋದರೂ ಸಿಗಲ್ಲ. ಎಂಟು ಸೆಲ್ ಹಾಕಬೇಕು, ಅಂಗಡಿಯ ಮಾಮೂಲಿ ಸೆಲ್ ಚಳಿಗಾಲದ ರಾತ್ರಿ ಫ್ಲ್ಯಾಶ್ ಹೊಡೆದು ಹೊಡೆದು ಬೇಗ ಸೋಲುತ್ತಿತ್ತು. ರೀಚಾರ್ಜ್ ಸೆಲ್ಲಿಗೆ ಹೋದ ಮೇಲೆ ಆ ಖರ್ಚು ನಿಂತಿತು, ಆದರೆ ಆರಂಭಕ್ಕೇ ಎರಡು ಸಾವಿರ ಹೋಯಿತು. ಇಷ್ಟೆಲ್ಲ ಆಗಿ ಒಂದು ದಿನ ಕ್ಯಾಮೆರಾನೇ ಇಲ್ಲ, ಬೆಲ್ಟ್ ಕೊಯ್ದು ಒಯ್ದಿದ್ದರು. 850 ನ್ಯಾನೊಮೀಟರ್ ತರಂಗಾಂತರದ ಇನ್‌ಫ್ರಾರೆಡ್ ಫ್ಲ್ಯಾಶಿನದು ಅದು, ಹೊಡೆದಾಗ ಕೆಂಪಗೆ ಕಾಣುತ್ತದೆ, ಕಳ್ಳನಿಗೆ ಅಷ್ಟು ಸಾಕು. ಈಗ ಇರೋದು 940ರದು. ಬೆಳಕು ಕಾಣಲ್ಲ, ದೂರವೂ ಹೋಗಲ್ಲ. ಆದರೆ ನಾನು ಹತ್ತಿರದಿಂದಲೇ ತೆಗೆಯುವುದರಿಂದ ತೊಂದರೆಯಿಲ್ಲ. ಸೆಕೆಂಡ್ ಹ್ಯಾಂಡ್, ಅರ್ಧ ಬೆಲೆಗೆ ಸಿಕ್ಕಿತು. ವೆಲ್ಡಿಂಗ್ ಅಂಗಡಿಯಲ್ಲಿ ಏಳೆಂಟು ನೂರಕ್ಕೆ ಕಬ್ಬಿಣದ ಡಬ್ಬಿ ಮಾಡಿಸಿ ಬೀಗ ಹಾಕಿದೆ. ಎಲ್ಲ ಸೇರಿ ಇಪ್ಪತ್ತೈದು ಸಾವಿರ ದಾಟಿರಬೇಕು.

ಬೇಸಿಗೆಯದು ಬೇರೆಯೇ ತಲೆನೋವು. ಈ ಸೆನ್ಸರ್ ನೋಡುವುದು ಪ್ರಾಣಿಯ ಮೈಬಿಸಿಗೂ ಹಿಂದಿನ ನೆಲದ ಬಿಸಿಗೂ ಇರುವ ವ್ಯತ್ಯಾಸವನ್ನು. ಮೇ ತಿಂಗಳಲ್ಲಿ ನಮ್ಮಲ್ಲಿ 42-43 ಡಿಗ್ರಿ. ಎರೆ ನೆಲ ಕಾದು, ಸಂಜೆ ತಣಿಯುತ್ತಾ ಮೈಬಿಸಿಗೆ ಸಮ ಬಂದಾಗ ಕ್ಯಾಮೆರಾ ಕುರುಡಾಗುತ್ತದೆ. ಪ್ರಾಣಿ ಹೊರಗೆ ಬರುವುದೂ ಅದೇ ಹೊತ್ತಿಗೆ. ಕಂಪನಿ ಬದಲಿಸಿದರೆ ಇದು ಸರಿಹೋಗಲ್ಲ, ಜಾಗ ಬದಲಿಸಬೇಕು.

ಜಾಗ ಹೇಳಿಕೊಟ್ಟವರು ಕುರಿ ಕಾಯುವ ಒಬ್ಬ ಹಿರಿಯರು. "ತ್ವಾಳ ಹಳ್ಳ ಹಿಡ್ಕೊಂಡೇ ಬರ್ತದ್ರಿ, ಸುಮ್ನೆ ಬಯಲಾಗ ಕ್ಯಾಮೆರಾ ಇಟ್ರ ಏನ್ ಸಿಗ್ತದ?" ಅಂದರು. ನಾನು ಅದಕ್ಕೆ ತೊಗರಿಯ ಲೆಕ್ಕ ಸೇರಿಸಿದೆ. ಆಳೆತ್ತರದ ತೊಗರಿ ನಿಂತಿರುವಾಗ ಪ್ರಾಣಿ ಎಲ್ಲಿಂದ ಬೇಕಾದರೂ ದಾಟುತ್ತದೆ. ಡಿಸೆಂಬರ್-ಜನವರಿಯಲ್ಲಿ ಕೊಯ್ಲು ಮುಗಿದು ಹೊಲ ಬೋಳಾದ ಮೇಲೆ ಮರೆ ಅಂತ ಉಳಿಯುವುದು ಹಳ್ಳದ ಬಳ್ಳಾರಿ ಜಾಲಿ ಮಾತ್ರ. ಆಗಲೇ ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ, ಕುರಿಯ ಹಿಂದೆ ತೋಳ. ಆ ಹಳ್ಳ ನಮ್ಮ ಕಂಪೌಂಡ್ ಗೋಡೆಯ ಕೆಳಗೆ ಒಂದು ಮೋರಿಯಲ್ಲಿ ಒಳಬರುತ್ತದೆ. ಮೋರಿಯೊಳಗೆ ನೆರಳು, ಸಿಮೆಂಟು ತಂಪು, ಅಲ್ಲಾಡುವ ಗರಿ ಇಲ್ಲ. ಸೆನ್ಸರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಕ್ಯಾಮೆರಾಕ್ಕೆ ಮೊದಲು ಹೆಜ್ಜೆ ನೋಡಿದೆ. ಎರೆ ಮಣ್ಣಲ್ಲಿ ಹೆಜ್ಜೆ ನಿಲ್ಲಲ್ಲ, ಒಣಗಿದರೆ ಬರೀ ಹೆಂಟೆ, ಬಿರುಕು. ಬಂಡಿದಾರಿಯ ಹುಡಿಮಣ್ಣು ಜರಡಿ ಹಿಡಿದು ಮೋರಿ ಬಾಯಿಗೆ ಹರಡಿದೆ. ಅದರಲ್ಲಿ ಇನ್ನೊಂದು ಪುಡಿ ಬೆರೆಸುತ್ತೇನೆ, ಅದು ಯಾವುದು ಅನ್ನೋದು ನನ್ನಲ್ಲೇ ಇರಲಿ. ಗುಳ್ಳೆನರಿಯದಾದರೆ ನಡುವಿನ ಎರಡು ಬೆರಳಿನ ಗುರುತು ಬುಡದಲ್ಲಿ ಕೂಡಿರುತ್ತದೆ. ನಾಯಿ ಅತ್ತಿತ್ತ ಮೂಸುತ್ತಾ ಹೋಗುತ್ತದೆ. ತೋಳದ ಸಾಲು ನೇರ, ಮುಂದಿನ ಹೆಜ್ಜೆಯ ಮೇಲೇ ಹಿಂದಿನದು ಬಿದ್ದಿರುತ್ತದೆ. ಅಂಥ ಸಾಲು ಎರಡನೇ ಸಲ ಕಂಡ ಮೇಲೇ ಮೊಣಕಾಲೆತ್ತರಕ್ಕೆ ಕ್ಯಾಮೆರಾ ಇಟ್ಟೆ. ಮೊದಲು ಮುಂಗುಸಿ, ಆಮೇಲೆ ಕಾಡುಬೆಕ್ಕು, ಬಾಲದ ತುದಿ ಕಪ್ಪಿರುವ ಸಣ್ಣ ನರಿ, ಒಂದು ಮುಳ್ಳುಹಂದಿ. ಜನವರಿ ಕೊನೆಗೆ ತೋಳ. ಆ ಕ್ಲಿಪ್ ತೆರೆದಾಗ ನನ್ನ ಕೈ ನಡುಗುತ್ತಿತ್ತು.

ಇದರ ಮಧ್ಯೆ ಹಳೇ ಫೋನಿಗೆ ಪವರ್ ಬ್ಯಾಂಕ್ ಸೇರಿಸಿ ನಿಮಿಷಕ್ಕೊಂದು ಫೋಟೊ ತೆಗೆಯುವ ಹಾಗೆ ಟೆರೇಸಿನ ಮೇಲೆ ಇಟ್ಟು ನೋಡಿದೆ. ದೂರಕ್ಕೆ ಜಿಂಕೆ ಬರೀ ಚುಕ್ಕೆಗಳಾಗಿ ಕಂಡವು, ಮಧ್ಯಾಹ್ನ ಫೋನೇ ಬಿಸಿಯಾಗಿ ಆಫ್. ಆದರೆ ಇನ್ನೊಂದು ಪ್ರಯೋಗ ಫಲ ಕೊಟ್ಟಿತು. ಗಂಡು ಕೃಷ್ಣಮೃಗ ತನ್ನ ಜಾಗ ಗುರುತಿಸಲು ಒಂದೇ ಕಡೆ ಹಿಕ್ಕೆ ಹಾಕುತ್ತದೆ ಅಲ್ವಾ, ಆ ರಾಶಿಯ ಎದುರು ಕ್ಯಾಮೆರಾ ಇಟ್ಟೆ. ಅದೇ ಗಂಡು ಮತ್ತೆ ಮತ್ತೆ ಬಂತು, ಕೊಂಬಿನ ತಿರುವು ಎಣಿಸುವಷ್ಟು ಹತ್ತಿರ. ಬೀದರ್ ಕಡೆಯವರು ಇದನ್ನು ಖಂಡಿತ ಮಾಡಿ ನೋಡಿ, ನಿಮ್ಮಲ್ಲಿ ಕೃಷ್ಣಮೃಗ ಜಾಸ್ತಿ.

ಆ ಮೋರಿಗೆ ಕಬ್ಬಿಣದ ಜಾಲರಿ ಹಾಕಿಸಬೇಕು ಅಂತ ಮಾತು ನಡೆದಿತ್ತು. ವಿಡಿಯೊ ತೋರಿಸಿದ ಮೇಲೆ ಅದು ನಿಂತಿದೆ. ಕಾವಲುಗಾರರು ಈಗ ಹೆಜ್ಜೆ ಕಂಡರೆ ಅಳತೆಗೆ ಅಂತ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಫೋಟೊ ತೆಗೆದು ಕಳಿಸುತ್ತಾರೆ. ಮೋರಿ ಯಾವ ದಿಕ್ಕಿಗಿದೆ ಅಂತ ಮಾತ್ರ ಕೇಳಬೇಡಿ. ತೋಳ, ಕೃಷ್ಣಮೃಗ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಆದರೂ ಉರುಲು ಹಾಕುವವರು ಇದ್ದಾರೆ. ನೀವೂ ಫೋಟೊ ಹಂಚುವ ಮೊದಲು ಫೋನಿನಲ್ಲಿ ಲೊಕೇಶನ್ ಆಫ್ ಇದೆಯಾ ನೋಡಿಕೊಳ್ಳಿ.